ರೋಲ್ ಪಿನ್ನೋ, ಗಟ್ಟಿ ಪಿನ್ನೋ, ಶಿಯರ್ ಪಿನ್ನೋ: ಕರಾವಳಿಯ ದೋಣಿಗೆ, ಘಟ್ಟದ ಮೇಲಿನ ಯಂತ್ರಕ್ಕೆ ಯಾವುದು ಸರಿ

ಗೇರು, ಪುಲ್ಲಿ, ಪ್ರೊಪೆಲ್ಲರುಗಳನ್ನು ಶಾಫ್ಟಿಗೆ ಹಿಡಿದಿಡುವ ಅಡ್ಡ ಪಿನ್ ಮುರಿದರೆ ಮೊದಲು ಕೇಳಿಕೊಳ್ಳಬೇಕಾದ್ದು ಯಾವ ಪಿನ್ ಗಟ್ಟಿ ಎಂದಲ್ಲ. ಮುಂದಿನ ಸಲ ಹೊರೆ ಮಿತಿ ಮೀರಿದಾಗ ಯಾವುದು ಹೋಗಬೇಕು ಎಂದು. ಪಿನ್ ಹೋದರೆ ಕೆಲವೇ ರೂಪಾಯಿಯ ಮಾತು. ತೂತು ಅಗಲವಾದರೆ ಹಬ್ (ಶಾಫ್ಟಿನ ಮೇಲೆ ಕೂರುವ ನಡುಭಾಗ) ಬದಲಿಸಬೇಕು. ಶಾಫ್ಟ್ ತಿರುಚಿದರೆ ಲೇತ್ ಅಂಗಡಿಗೆ ಹೋಗಿ ಕಾಯಬೇಕು. ಗೇರ್ ಹಲ್ಲು ಹೋದರೆ ಆ ಹಂಗಾಮೇ ಹೋದಂತೆ. ಕಾರವಾರದ ಬೈತಖೋಲ ಬಂದರಿನ ದೋಣಿಗೂ ಶಿರಸಿಯ ಅಡಿಕೆ ಸುಲಿಯುವ ಯಂತ್ರಕ್ಕೂ ಈ ಲೆಕ್ಕ ಒಂದೇ. ಎರಡಕ್ಕೂ ಇರುವ ವ್ಯತ್ಯಾಸ ತುಕ್ಕಿನದು, ಅದನ್ನು ಮುಂದೆ ನೋಡೋಣ.

ಹೆಚ್ಚಿನವರು ಅಳತೆ ಹೊಂದುವ ಯಾವುದಾದರೂ ಪಿನ್ ಹಾಕಿ ಕೆಲಸ ಮುಂದುವರಿಸುತ್ತಾರೆ. 4 ಮಿ.ಮೀ. ತೂತಿಗೆ 4 ಮಿ.ಮೀ. ಮೊಳೆ ಕತ್ತರಿಸಿ ಹೊಡೆಯುವುದೂ ಉಂಟು. ಅಳತೆ ಒಂದೇ ಇದ್ದರೂ ಬಲ ಒಂದೇ ಅಲ್ಲ ಎಂಬುದು ಮರೆತುಹೋಗುತ್ತದೆ.

ಟೊಳ್ಳು ಪಿನ್ನಿಗೇ ಬಲ ಹೆಚ್ಚು

ರೋಲ್ ಪಿನ್ ಎಂದರೆ ಸ್ಪ್ರಿಂಗ್ ಉಕ್ಕಿನ ತಗಡನ್ನು ಸುರುಳಿ ಮಾಡಿ, ಉದ್ದಕ್ಕೂ ಸೀಳು ಬಿಟ್ಟ ಕೊಳವೆ. ಅಂಗಡಿಯಲ್ಲಿ ಸ್ಪ್ರಿಂಗ್ ಪಿನ್, ಸ್ಪ್ರಿಂಗ್ ಡೋವೆಲ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. ಒಳಗೆ ಟೊಳ್ಳು, ಹಾಗಾಗಿ ಗಟ್ಟಿ ಪಿನ್ನಿಗಿಂತ ದುರ್ಬಲ ಎಂದು ತೋರುವುದು ಸಹಜ. ಲೆಕ್ಕ ತಿರುಗುಮುರುಗು. ಐಎಸ್ಒ 8752 ಮಾನಕದ 4 ಮಿ.ಮೀ. ರೋಲ್ ಪಿನ್ ಎರಡು ಕಡೆ ಕತ್ತರಿಸುವ ಹೊರೆಯಲ್ಲಿ ಕನಿಷ್ಠ 11.24 ಕಿಲೋನ್ಯೂಟನ್, ಅಂದರೆ ಸುಮಾರು 1,145 ಕಿಲೋ ತೂಕದಷ್ಟು ತಡೆಯಬೇಕು. ಅದೇ ದಪ್ಪದ ಮೃದು ಉಕ್ಕಿನ ಗಟ್ಟಿ ಕಡ್ಡಿ 6 ಕಿಲೋನ್ಯೂಟನ್ ಹತ್ತಿರಕ್ಕೇ ಕತ್ತರಿಸಿಹೋಗುತ್ತದೆ. ರೋಲ್ ಪಿನ್ನಿನ ಉಕ್ಕನ್ನು ಹದಗೊಳಿಸಿರುತ್ತಾರೆ, ಕಡ್ಡಿಯದನ್ನು ಹಾಗೆ ಮಾಡಿರುವುದಿಲ್ಲ. ಬೇರೆ ಅಳತೆಗಳಿಗೆ ಮಾನಕ ಹೇಳುವುದು: 3 ಮಿ.ಮೀ.ಗೆ 6.32, 5ಕ್ಕೆ 17.54, 6ಕ್ಕೆ 26.04, 8ಕ್ಕೆ 42.76 ಕಿಲೋನ್ಯೂಟನ್.

ಇದನ್ನು ಶಾಫ್ಟಿನ ಮೇಲೆ ಇಟ್ಟು ನೋಡಿ. 20 ಮಿ.ಮೀ. ಶಾಫ್ಟಿಗೆ ಅಡ್ಡವಾಗಿ ಕೂತ 4 ಮಿ.ಮೀ. ಮೃದು ಉಕ್ಕಿನ ಪಿನ್ ಸುಮಾರು 60 ನ್ಯೂಟನ್ ಮೀಟರ್ ತಿರುಚುಬಲಕ್ಕೆ ಮುರಿಯುತ್ತದೆ, ರೋಲ್ ಪಿನ್ 112ರ ಹತ್ತಿರ. 1 ಎಚ್‌ಪಿ ಮೋಟಾರು 1,440 ಸುತ್ತಿನಲ್ಲಿ ಕೊಡುವುದು 5 ನ್ಯೂಟನ್ ಮೀಟರ್. ಬೆಲ್ಟು ಪುಲ್ಲಿಯಲ್ಲಿ ಅದನ್ನು 240 ಸುತ್ತಿಗೆ ಇಳಿಸಿದರೆ ಶಾಫ್ಟಿಗೆ 30 ಬರುತ್ತದೆ. ಮೃದು ಪಿನ್ನೂ ಸಾಕೇನೋ ಅನ್ನಿಸುತ್ತದೆ. ಆದರೆ ಸುಲಿಯುವ ಯಂತ್ರದಲ್ಲಿ ಒಣಗಿದ ಗಟ್ಟಿ ಗೋಟಡಿಕೆ ಸಿಕ್ಕಿ ಉರುಳೆ ನಿಂತ ಕ್ಷಣ ಈ 30 ಎರಡು ಪಟ್ಟು ದಾಟುತ್ತದೆ. ದಿನಕ್ಕೆ ಹತ್ತಾರು ಸಲ ಆ ಪೆಟ್ಟು ತಿಂದ ಪಿನ್ ಒಂದೇ ಏಟಿಗೆ ಮುರಿಯುವುದಿಲ್ಲ, ದಣಿದು ದಣಿದು ಮುರಿಯುತ್ತದೆ. ಅಂಥ ಕಡೆ ನಮ್ಮ ಆಯ್ಕೆ ರೋಲ್ ಪಿನ್. ಅದು ಸ್ಪ್ರಿಂಗಿನ ಗುಣದಿಂದ ಪೆಟ್ಟನ್ನು ಸ್ವಲ್ಪ ನುಂಗಿಕೊಳ್ಳುತ್ತದೆ, ತೂತಿನ ಗೋಡೆಯನ್ನು ಎಲ್ಲ ಕಡೆ ಒತ್ತಿ ಹಿಡಿದಿರುತ್ತದೆ, ಕಂಪನಕ್ಕೆ ಸುಲಭವಾಗಿ ಜಾರಿ ಬೀಳುವುದಿಲ್ಲ.

ತೂತಿನ ವಿಷಯದಲ್ಲೂ ರೋಲ್ ಪಿನ್ ಸುಲಭ. 4 ಮಿ.ಮೀ. ಪಿನ್ನಿಗೆ ತೂತು 4.00ರಿಂದ 4.12ರ ಒಳಗಿದ್ದರೆ ಸಾಕು. ಚೂಪಾದ ಸಾಮಾನ್ಯ ಡ್ರಿಲ್ ಬಿಟ್ ಇಷ್ಟನ್ನು ಕೊಡುತ್ತದೆ. ಹೊರಗಿರುವಾಗ ಪಿನ್ನಿನ ದಪ್ಪ 4.4ರಿಂದ 4.6 ಇರುತ್ತದೆ. ವರ್ನಿಯರ್ ಹಿಡಿದು ಇದು ದೊಡ್ಡದಾಯಿತು ಎಂದು ವಾಪಸು ಕೊಡಬೇಡಿ, ಪಿನ್ನಿನ ಹೆಸರು ತೂತಿನ ಅಳತೆಯದು.

ಟೊಳ್ಳಿಲ್ಲದ ಗಟ್ಟಿ ಪಿನ್, ಅಂದರೆ ಡೋವೆಲ್ ಪಿನ್ನಿಗೆ ಈ ರಿಯಾಯಿತಿ ಇಲ್ಲ. 4 ಮಿ.ಮೀ. ಡೋವೆಲಿನ ನಿಜವಾದ ದಪ್ಪ 4.004ರಿಂದ 4.012. ತೂತು 4.000ರಿಂದ 4.012ರ ಒಳಗೇ ಬರಬೇಕು. ಹಾಗಾಗಿ 3.8ರ ಬಿಟ್ಟಿನಲ್ಲಿ ಕೊರೆದು, 4ರ ರೀಮರ್ (ಕೊರೆದ ತೂತನ್ನು ನಿಖರ ಅಳತೆಗೆ ಹೆರೆಯುವ ಉಪಕರಣ) ಅನ್ನು ಎಣ್ಣೆ ಹಾಕಿ ಒಂದೇ ದಿಕ್ಕಿಗೆ ತಿರುಗಿಸಿ ಮುಗಿಸಬೇಕು. ರೀಮರ್ ಹಿಂದಕ್ಕೆ ತಿರುಗಿಸಿದರೆ ಅದರ ಅಲಗು ಹಾಳಾಗುತ್ತದೆ. ಕೈ ಡ್ರಿಲ್ಲಿಂದ ಕೊರೆದ ತೂತಿಗೆ ಡೋವೆಲ್ ಹಾಕಿದರೆ ಮೊದಲ ವಾರ ಚೆನ್ನಾಗಿ ಕೂತಿರುತ್ತದೆ, ಆಮೇಲೆ ಕದಲಲು ಶುರು. ಪಿನ್ ಗಡುಸು, ಹಬ್ ಮೆದು. ಸವೆಯುವುದು ತೂತು. ಎರಡು ಭಾಗಗಳನ್ನು ಬಿಚ್ಚಿ ಮತ್ತೆ ಅದೇ ಜಾಗಕ್ಕೆ ಕೂರಿಸಬೇಕಾದಲ್ಲಿ, ಉದಾಹರಣೆಗೆ ಗೇರ್‌ಬಾಕ್ಸಿನ ಎರಡು ಅರ್ಧಗಳು ಅಥವಾ ಪಂಪಿನ ಮುಚ್ಚಳ, ಡೋವೆಲಿಗೆ ಬದಲಿ ಇಲ್ಲ. ಅಲ್ಲಿ ರೋಲ್ ಪಿನ್ ಹಾಕಿದರೆ ನಿಖರತೆ ಹೋಗುತ್ತದೆ.

6 ಮಿ.ಮೀ. ರೋಲ್ ಪಿನ್ ಪದೇ ಪದೇ ಮುರಿಯುತ್ತಿದೆ, ತೂತು ದೊಡ್ಡದು ಮಾಡಲು ಶಾಫ್ಟಿನಲ್ಲಿ ಜಾಗವಿಲ್ಲ ಅನ್ನಿ. ಅದರೊಳಗೆ 3.5ರ ರೋಲ್ ಪಿನ್ ಇನ್ನೊಂದು ಹೊಡೆಯಬಹುದು, ಸೀಳುಗಳು ಒಂದಕ್ಕೊಂದು ಎದುರುಬದುರಾಗಿರಲಿ. 8ರೊಳಗೆ 5 ಕೂರುತ್ತದೆ, ಎರಡೂ ಸೇರಿ 60 ಕಿಲೋನ್ಯೂಟನ್ ದಾಟುತ್ತವೆ. ಶಾಫ್ಟಿನ ದಪ್ಪದ ಮೂರನೇ ಒಂದಕ್ಕಿಂತ ದೊಡ್ಡ ತೂತು ಮಾತ್ರ ಕೊರೆಯಬೇಡಿ. ನಾಲ್ಕನೇ ಒಂದರ ಆಸುಪಾಸು ಒಳ್ಳೆಯದು.

ಕೂರಿಸುವ ಕ್ರಮ

ರೋಲ್ ಪಿನ್ ಹೊಡೆಯುವುದರಲ್ಲಿ ಕೆಡುವುದು ಹೆಚ್ಚಾಗಿ ಆಧಾರದಿಂದ. ಶಾಫ್ಟನ್ನು ನೆಲದ ಮೇಲೆ ಅಥವಾ ತೊಡೆಯ ಮೇಲೆ ಇಟ್ಟು ಹೊಡೆದರೆ ಪೆಟ್ಟು ಪಿನ್ನಿಗೆ ಹೋಗದೆ ಶಾಫ್ಟಿಗೆ ಹೋಗುತ್ತದೆ, ಅದು ಬಾಗುತ್ತದೆ. ಶಾಫ್ಟ್ ಕೂರಲು ವಿ ಆಕಾರದ ತೋಡಿರುವ ವಿ-ಬ್ಲಾಕ್ ಬೇಕು. ಇಲ್ಲವಾದರೆ ಗಟ್ಟಿ ಮರದ ತುಂಡಿಗೆ ಅಂಥದೇ ತೋಡು ತೆಗೆದು ಪಿನ್ ಹೊರಬರುವ ಜಾಗಕ್ಕೆ ಸರಿಯಾಗಿ ತೂತು ಕೊರೆದಿಟ್ಟುಕೊಳ್ಳಿ. ಸುತ್ತಿಗೆ 200ರಿಂದ 250 ಗ್ರಾಂ ಸಾಕು. ಒಂದು ಕಿಲೋದ ಸುತ್ತಿಗೆಯಿಂದ ಮೆಲ್ಲಗೆ ಹೊಡೆಯುತ್ತೇನೆ ಎನ್ನುವುದು ನಡೆಯುವ ಮಾತಲ್ಲ.

ಹಬ್ಬಿನ ತೂತು, ಶಾಫ್ಟಿನ ತೂತು ಒಂದೇ ಗೆರೆಗೆ ಬಂದಿವೆಯೇ ಎಂದು ಅದೇ ಅಳತೆಯ ಡ್ರಿಲ್ ಬಿಟ್ಟಿನ ಹಿಂಬದಿಯ ನುಣುಪು ಭಾಗವನ್ನು ಕೈಯಲ್ಲೇ ತೂರಿಸಿ ನೋಡಿ. ತೂರದಿದ್ದರೆ ಪಿನ್ನಿನಿಂದ ಎಳೆದು ತರಲು ಹೋಗಬೇಡಿ. ಅರ್ಧ ದಾರಿಯಲ್ಲಿ ಪಿನ್ನಿನ ತುದಿ ಶಾಫ್ಟಿನ ಅಂಚಿಗೆ ಬಡಿದು ಕೊಡೆಯಂತೆ ಅರಳುತ್ತದೆ, ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತೂತಿನ ಬಾಯಿಯಲ್ಲಿ ಎದ್ದ ಚೂಪು ಅಂಚನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ತೆಗೆಯಿರಿ. ಪಿನ್ನಿಗೆ ಗ್ರೀಸು ಸವರಿ, ಸಪೂರವಾಗಿಸಿದ ತುದಿ ಮೊದಲು ಒಳಹೋಗುವಂತೆ ವೈಸ್ ಗ್ರಿಪ್ಪಿನಲ್ಲಿ ಸಡಿಲಾಗಿ ಹಿಡಿದು ಮೊದಲ ನಾಲ್ಕೈದು ಏಟು ಹೊಡೆಯಿರಿ. ನೆಟ್ಟಗೆ ನಿಂತ ಮೇಲೆ ಇಕ್ಕುಳ ಬಿಟ್ಟು, ರೋಲ್ ಪಿನ್ ಪಂಚಿಗೆ ಬದಲಿಸಿ. ಈ ಪಂಚಿನ ತುದಿಯಲ್ಲಿ ಸಣ್ಣ ಗುಬ್ಬಿ ಇರುತ್ತದೆ, ಅದು ಪಿನ್ನಿನ ಟೊಳ್ಳಿನಲ್ಲಿ ಕೂತು ಅತ್ತಿತ್ತ ಜಾರದಂತೆ ನೋಡಿಕೊಳ್ಳುತ್ತದೆ. ಚಪ್ಪಟೆ ಪಂಚು ಜಾರಿ ಅಲ್ಯೂಮಿನಿಯಂ ಮೈಯನ್ನು ಗೀರಿಬಿಡುತ್ತದೆ. ಗೀರು ಬಿದ್ದಲ್ಲಿ ಪೇಂಟು ಹೋದರೆ ಉಪ್ಪುನೀರು ಅಲ್ಲಿಂದಲೇ ತಿನ್ನಲು ಶುರು ಮಾಡುತ್ತದೆ. ಸುತ್ತಲೂ ಎರಡು ಪದರ ಟೇಪು ಅಂಟಿಸಿಕೊಳ್ಳುವುದು ಲೇಸು.

ಕೊನೆಗೆ ಪಿನ್ ಎರಡೂ ಕಡೆ ಮೈಗೆ ಸಮವಾಗಿರಬೇಕು, ಇಲ್ಲವೇ ಅರ್ಧ ಮಿ.ಮೀ. ಒಳಗಿರಬೇಕು. ತಿರುಗುವ ಶಾಫ್ಟಿನಿಂದ ಚಾಚಿಕೊಂಡ ಪಿನ್ ಬಲೆಯ ನೂಲನ್ನೂ ಲುಂಗಿಯ ಅಂಚನ್ನೂ ಎಳೆದುಕೊಳ್ಳುತ್ತದೆ. ಇದು ಕೈಕಾಲಿನ ಪ್ರಶ್ನೆ. ಉದ್ದ ಜಾಸ್ತಿಯಾದರೆ ಹಾಕುವ ಮೊದಲೇ ಅರದಲ್ಲಿ ಕಡಿಮೆ ಮಾಡಿ. ಒಮ್ಮೆ ಹೊರತೆಗೆದ ರೋಲ್ ಪಿನ್ ಬಿಗಿ ಕಳೆದುಕೊಂಡಿರುತ್ತದೆ, ಮತ್ತೆ ಹಾಕಬೇಡಿ.

ಟೇಪರ್ ಪಿನ್

ಇದರ ಇಳಿಜಾರು 50ಕ್ಕೆ 1. 50 ಮಿ.ಮೀ. ಉದ್ದಕ್ಕೆ ದಪ್ಪ 1 ಮಿ.ಮೀ. ಹೆಚ್ಚುತ್ತದೆ. ಅಳತೆ ಹೇಳುವುದು ಸಣ್ಣ ತುದಿಯದು. ಹಳೆಯ ಲೇತು, ಹಳೆಯ ಗಿರಣಿಯ ಹ್ಯಾಂಡಲುಗಳಲ್ಲಿ ಕಾಣುತ್ತೀರಿ. ಪದೇ ಪದೇ ಬಿಚ್ಚಬೇಕಾದ ಕಡೆ ಇದು ಒಳ್ಳೆಯದು, ತೂತು ಸ್ವಲ್ಪ ಸವೆದರೆ ರೀಮರ್ ಇನ್ನಷ್ಟು ಒಳಬಿಟ್ಟು ಅದೇ ತೂತಿಗೆ ಮತ್ತೆ ಬಿಗಿಸಬಹುದು. ಕೈಯಿಂದ ತಳ್ಳಿದಾಗ ಇನ್ನು ಎರಡು ಮೂರು ಮಿ.ಮೀ. ಹೊರಗುಳಿಯಬೇಕು, ಉಳಿದದ್ದು ಸುತ್ತಿಗೆಯ ಕೆಲಸ. ಟೇಪರ್ ರೀಮರ್ ಇಲ್ಲದವರು ಇದಕ್ಕೆ ಕೈ ಹಾಕುವುದು ಬೇಡ. ಕೂರಿಸಿದ ಮೇಲೆ ಸಣ್ಣ ತುದಿ ಇರುವ ಕಡೆ ಪೇಂಟಿನ ಚುಕ್ಕೆ ಇಡಿ. ತೆಗೆಯುವಾಗ ದಪ್ಪ ತುದಿಗೆ ಹೊಡೆದು ಇನ್ನೂ ಬಿಗಿ ಮಾಡಿದ ಯಂತ್ರಗಳಿಗೆ ಲೆಕ್ಕವಿಲ್ಲ.

ಅಲುಗಾಡುವ ಕೀಲಿಗೆ ಕ್ಲೆವಿಸ್ ಪಿನ್

ಮೇಲಿನ ಮೂರೂ ಅಲುಗದೆ ಕೂರಬೇಕಾದ ಪಿನ್ನುಗಳು. ಸನ್ನೆ, ಬ್ರೇಕ್ ಕೊಂಡಿ, ಸ್ಟಿಯರಿಂಗ್ ಕೊಂಡಿಗಳಲ್ಲಿ ಪಿನ್ನೇ ಬೇರಿಂಗಿನ ಕೆಲಸ ಮಾಡಬೇಕು. ಅಲ್ಲಿ ತಲೆಯಿರುವ ಕ್ಲೆವಿಸ್ ಪಿನ್, ಅದಕ್ಕೊಂದು ವಾಷರ್, ಕೊನೆಗೆ ಸ್ಪ್ಲಿಟ್ ಪಿನ್ (ತುದಿಯ ತೂತಿಗೆ ತೂರಿಸಿ ಕಾಲುಗಳನ್ನು ಬಾಗಿಸುವ ಜೋಡುಕಾಲಿನ ಪಿನ್). ಕೈಯಲ್ಲಿ ಜಾರಿ ಒಳಹೋಗಬೇಕು, ಕದಲಿಸಿದರೆ ಲೊಡಲೊಡ ಎನ್ನಬಾರದು. 8 ಮಿ.ಮೀ. ಪಿನ್ನಿಗೆ 2ರ ಸ್ಪ್ಲಿಟ್ ಪಿನ್, 10 ಮತ್ತು 12ಕ್ಕೆ 3.2, 16ಕ್ಕೆ 4. ಸ್ಪ್ಲಿಟ್ ಪಿನ್ನಿನ ಬದಲು ತಂತಿ ಸುತ್ತುವುದನ್ನು ದಯವಿಟ್ಟು ಬಿಡಿ, ಘಟ್ಟದ ತಿರುವಿನಲ್ಲಿ ಟ್ರೈಲರ್ ಕಳಚಲು ಅಷ್ಟು ಸಾಕು. ದಿನಾ ಬಿಚ್ಚಿ ಹಾಕುವ ಪವರ್ ಟಿಲ್ಲರ್ ಟ್ರೈಲರ್ ಕೊಂಡಿಗೆ ಸ್ಪ್ರಿಂಗ್ ಬಳೆಯಿರುವ ಲಿಂಚ್ ಪಿನ್ ಅನುಕೂಲ. ಅದರ ಬಳೆಯ ಬಿಗಿ ಹೋದ ದಿನವೇ ಎಸೆಯಿರಿ.

ಮುರಿಯಲೆಂದೇ ಇರುವ ಪಿನ್

ಸಣ್ಣ ಔಟ್‌ಬೋರ್ಡ್ ಎಂಜಿನ್ನುಗಳ ಹಲವು ಮಾದರಿಗಳಲ್ಲಿ ಪ್ರೊಪೆಲ್ಲರನ್ನು ಶಾಫ್ಟಿಗೆ ಜೋಡಿಸುವುದು ಶಿಯರ್ ಪಿನ್. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ನದಿಗಳ ಅಳಿವೆಯಲ್ಲಿ ಮರಳದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಇಳಿತದ ಹೊತ್ತಿನಲ್ಲಿ ರೆಕ್ಕೆ ಮರಳಿಗೋ ಬಂಡೆಗೋ ತಾಗಿದಾಗ ಈ ಪಿನ್ ಕತ್ತರಿಸಿಹೋಗಿ ಗೇರನ್ನು ಉಳಿಸುತ್ತದೆ. ಮುರಿದಾಗ ಬೇಸರವಾಗುವುದು ನಿಜ, ಅಲೆಯ ಮಧ್ಯೆ ದೋಣಿ ನಿಂತರೆ ಹೆದರಿಕೆಯೂ ಆಗುತ್ತದೆ. ಹಾಗೆಂದು ಸ್ಟೀಲ್ ಬೋಲ್ಟು ಕತ್ತರಿಸಿ ಹಾಕಿದರೆ ಮುಂದಿನ ಪೆಟ್ಟು ನೇರ ಗೇರಿಗೆ. 8.8 ಬಲದರ್ಜೆಯ ಬೋಲ್ಟು ಮೃದು ಉಕ್ಕಿಗಿಂತ ಎರಡು ಪಟ್ಟು ಗಟ್ಟಿ. ಮೇಲೆ ಹೊಗಳಿದ ರೋಲ್ ಪಿನ್ನೂ ಇಲ್ಲಿ ತಪ್ಪು ಆಯ್ಕೆ, ಅದೇ ಕಾರಣಕ್ಕೆ. ಎಂಜಿನ್ನಿನ ಪುಸ್ತಕ ಹೇಳಿದ ಲೋಹ, ಹೇಳಿದ ಅಳತೆ, ಅಷ್ಟೇ. ರೋಟವೇಟರಿನ ಶಿಯರ್ ಬೋಲ್ಟಿಗೂ ಇದೇ ನಿಯಮ. ಅಲ್ಲಿ 8.8 ಎಂದು ಬರೆದಿದ್ದರೆ 8.8 ಹಾಕಿ, 10.9 ಬೇಡ.

ದೋಣಿಯಲ್ಲಿ ನಾಲ್ಕು ಶಿಯರ್ ಪಿನ್, ನಾಲ್ಕು ಸ್ಟೇನ್‌ಲೆಸ್ ಸ್ಪ್ಲಿಟ್ ಪಿನ್, ಒಂದು ಇಕ್ಕುಳ, ಸಣ್ಣ ಪಂಚು ಇವಿಷ್ಟು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಗ್ರೀಸು ಸವರಿ ಇರಲಿ. ಪಿನ್ ಬದಲಿಸುವ ಮೊದಲು ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ತಂತಿ ಕಳಚಿ. ದೊಡ್ಡ ಎಂಜಿನ್ನುಗಳಲ್ಲಿ ಶಿಯರ್ ಪಿನ್ ಇರುವುದಿಲ್ಲ, ಪ್ರೊಪೆಲ್ಲರಿನ ಒಳಗಿನ ರಬ್ಬರ್ ಹಬ್ ಆ ಕೆಲಸ ಮಾಡುತ್ತದೆ. ಅಲ್ಲಿ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕುವಾಗ ತೂತು ಸರಿಹೊಂದದಿದ್ದರೆ ನಟ್ಟನ್ನು ಸಡಿಲಿಸಬೇಡಿ, ಸ್ವಲ್ಪ ಮುಂದಕ್ಕೆ ಬಿಗಿದು ಹೊಂದಿಸಿ.

ಉಪ್ಪಿಗೆ ಯಾವ ಲೋಹ, ಮೈಲುತುತ್ತಕ್ಕೆ ಯಾವುದು

ಬಲದ ಲೆಕ್ಕವೆಲ್ಲ ಹೊಸ ಪಿನ್ನಿಗೆ. ಕಾರವಾರದ ಗಾಳಿಯಲ್ಲಿ ಒಂದು ಮಳೆಗಾಲ ಕಳೆದ ಸಾದಾ ಉಕ್ಕಿನ ಪಿನ್ ಹೊಸದರಷ್ಟು ಬಲದ್ದಲ್ಲ. ರೋಲ್ ಪಿನ್ನಿಗೆ ಇನ್ನೊಂದು ತೊಂದರೆಯಿದೆ. ಅದರ ಟೊಳ್ಳಿನಲ್ಲಿ ಉಪ್ಪುನೀರು ನಿಂತು ಒಳಗಿನಿಂದ ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹೊಡೆದು ಕೂರಿಸಿದ ಮೇಲೆ ಟೊಳ್ಳಿಗೆ ಗ್ರೀಸು ತುಂಬಿ ಎರಡೂ ಬಾಯಿ ಮುಚ್ಚಿಬಿಡಿ. ಕರಾವಳಿಯಲ್ಲಿ ಇದನ್ನು ಬಿಡುವಂತಿಲ್ಲ.

ಸ್ಟೇನ್‌ಲೆಸ್ ಎಂದರೆ ಎಲ್ಲವೂ ಒಂದೇ ಅಲ್ಲ. 420 ದರ್ಜೆಯ ಪಿನ್ ಗಡುಸು, ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ, ಸಮುದ್ರದ ನೀರಿಗೆ ತುಕ್ಕು ಹಿಡಿಯುತ್ತದೆ. 304 ಊರೊಳಗಿನ ಗಾಳಿ ಮಳೆಗೆ ಸಾಕು. ನೀರಲ್ಲಿ ಮುಳುಗುವ ಜಾಗಕ್ಕೆ 316. ಸಾದಾ ಹಿತ್ತಾಳೆ ಕಡಲನೀರಿನಲ್ಲಿ ಸತು ಕಳೆದುಕೊಂಡು, ಆಕಾರ ಹಾಗೇ ಇದ್ದರೂ ಒಳಗೆ ಪೊಳ್ಳಾಗಿ ಕೆಂಪಾಗುತ್ತದೆ, ಕಂಚು ಅದಕ್ಕಿಂತ ಮೇಲು. ಬಿಳಿ ಅಥವಾ ಹಳದಿ ಸತುಲೇಪದ ಪಿನ್ನಿನ ಲೇಪ ಬಲು ತೆಳು, ಕಡಲತೀರದಲ್ಲಿ ಬಹಳ ದಿನ ನಿಲ್ಲುವುದಿಲ್ಲ.

ಎರಡು ಲೋಹಗಳ ಜೋಡಿಯನ್ನೂ ನೋಡಬೇಕು. ಸ್ಟೇನ್‌ಲೆಸ್ ಶಾಫ್ಟು, ಕಂಚಿನ ಪ್ರೊಪೆಲ್ಲರು, ನಡುವೆ ಸಾದಾ ಉಕ್ಕಿನ ಪಿನ್ ಇಟ್ಟರೆ ಉಪ್ಪುನೀರಿನಲ್ಲಿ ದೊಡ್ಡ ಲೋಹಗಳೆರಡೂ ಸೇರಿ ಸಣ್ಣದನ್ನು ತಿಂದು ಮುಗಿಸುತ್ತವೆ. ಅಲ್ಯೂಮಿನಿಯಂ ಮೈಯಲ್ಲಿ ಸ್ಟೇನ್‌ಲೆಸ್ ಪಿನ್ ಇದ್ದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಬಿಳಿ ಪುಡಿ ತೂತಿನಲ್ಲಿ ತುಂಬಿ ಪಿನ್ ಕಚ್ಚಿಕೊಳ್ಳುತ್ತದೆ. ಮರೀನ್ ಗ್ರೀಸು ದಪ್ಪಗೆ ಹಾಕುವುದು, ಎಂಜಿನ್ನಿನ ಸತುವಿನ ಆನೋಡನ್ನು (ಮೈಯ ಬದಲು ತಾನೇ ಸವೆಯುವ ತುಂಡು) ಸಕಾಲಕ್ಕೆ ಬದಲಿಸುವುದು ಇದಕ್ಕೆ ಪರಿಹಾರ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಟ್ರಾಲ್ ದೋಣಿಯ ವಿಂಚು, ಸ್ಟಿಯರಿಂಗ್, ಚುಕ್ಕಾಣಿಯ ಪಿನ್ನುಗಳನ್ನೆಲ್ಲ ಹೊರತೆಗೆದು ನೋಡಲು ಬೇಕಾದಷ್ಟು ಸಮಯವಿದೆ. ದಪ್ಪದಲ್ಲಿ ಹತ್ತರಲ್ಲಿ ಒಂದು ಭಾಗ ಹೋಗಿದ್ದರೂ ಬದಲಿಸಿ. ಬಲ ದಪ್ಪದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಐದರಲ್ಲಿ ಒಂದು ಪಾಲು ಆಗಲೇ ಹೋಗಿರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಉಪ್ಪಿನ ಬದಲು ಮೈಲುತುತ್ತ (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣ ಕಡಿಮೆಯಾದರೆ ಉಜ್ಜಿದ ಕತ್ತಿ ಅದ್ದಿದಾಗ ತಾಮ್ರದ ಕೆಂಪು ಹತ್ತುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತು. ಆ ತಾಮ್ರ ಕೂರುವಾಗ ಹೆಚ್ಚುಕಮ್ಮಿ ಅಷ್ಟೇ ಕಬ್ಬಿಣ ಕರಗಿರುತ್ತದೆ. ಪಂಪಿನ ಹಿಡಿಯ ಕೀಲಿನಲ್ಲಿರುವ ಉಕ್ಕಿನ ಪಿನ್ನಿಗೂ ಇದೇ ಗತಿ. ಅಲ್ಲಿಗೆ 304ರ ಕ್ಲೆವಿಸ್ ಪಿನ್ ಹಾಕಿ. ಮದ್ದು ಮುಗಿದ ದಿನ ಬರೀ ನೀರು ಹೊಡೆದು ಪಂಪನ್ನು ತೊಳೆಯಿರಿ, ಕೀಲಿನ ಹೊರಮೈಗೂ ನೀರು ಹಾಕಿ.

ಸ್ಪ್ರಿಂಗ್ ಇರುವ ಸನ್ನೆಗೆ ತಾತ್ಕಾಲಿಕ ಪಿನ್

ವಿಂಚಿನ ರಾಚೆಟ್ ಹಲ್ಲನ್ನು ಒತ್ತುವ ನಾಲಗೆಯಂಥ ಸನ್ನೆಗಳಲ್ಲಿ ಸ್ಪ್ರಿಂಗ್ ಒಂದು ಕಡೆ ಎಳೆಯುತ್ತಿರುತ್ತದೆ, ತೂತು ಹೊಂದಿಸುವುದಕ್ಕೆ ಮೂರು ಕೈ ಬೇಕೆನಿಸುತ್ತದೆ. ಸನ್ನೆಯ ಅಗಲಕ್ಕೆ ಸರಿಯಾಗಿ, ಪಿನ್ನಿಗಿಂತ ಸ್ವಲ್ಪ ಸಪೂರದ ಒಂದು ತುಂಡು ಕಡ್ಡಿ ಕತ್ತರಿಸಿ. ಸನ್ನೆ ಮತ್ತು ಸ್ಪ್ರಿಂಗನ್ನು ಮೇಜಿನ ಮೇಲೇ ಆ ತುಂಡಿನಿಂದ ಪೋಣಿಸಿ, ಒಟ್ಟಾಗಿ ಜಾಗದಲ್ಲಿಟ್ಟು ಒತ್ತಿ. ನಿಜವಾದ ಪಿನ್ನನ್ನು ಒಂದು ಕಡೆಯಿಂದ ತಳ್ಳಿದಂತೆ ತುಂಡು ಇನ್ನೊಂದು ಕಡೆ ಹೊರಬೀಳುತ್ತದೆ. ಸ್ಪ್ರಿಂಗಿನ ಕಾಲು ಸರಿಯಾದ ಬದಿಗಿದೆಯೇ ಎಂದು ಒತ್ತುವ ಮೊದಲೇ ನೋಡಿ, ತಿರುವುಮುರುವಾದರೆ ನಾಲಗೆ ಹಲ್ಲಿಗೆ ಬೀಳದೆ ಬಲೆಯ ಭಾರಕ್ಕೆ ಹಗ್ಗ ಹಿಂದೆ ಓಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯ ಟ್ರಿಗರ್, ಹ್ಯಾಮರ್ ಪಿನ್ನುಗಳೂ ಇದೇ ಜಾತಿಯವು. ಆದರೆ ಈ ಬರಹವನ್ನು ಅಲ್ಲಿಗೆ ಹಚ್ಚಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸುವುದಕ್ಕೆ ಮಾತ್ರವಲ್ಲ, ದುರಸ್ತಿಯ ವ್ಯವಹಾರಕ್ಕೂ ಬೇರೆಯೇ ಪರವಾನಗಿ ಬೇಕು. ಪಿನ್ ಸವೆದಿದ್ದರೆ ಪರವಾನಗಿ ಇರುವ ದುರಸ್ತಿಗಾರರಿಗೇ ಕೊಡಿ.

ಕಚ್ಚಿಕೊಂಡ ಪಿನ್ ತೆಗೆಯುವುದು

ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಸಣ್ಣ ಏಟು ಕೊಟ್ಟು ಬಿಗಿ ಒಡೆಯಿರಿ. ಟೇಪರ್ ಪಿನ್ನಿಗೆ ಮಾತ್ರ ಸಣ್ಣ ತುದಿಯಿಂದಲೇ ಹೊಡೆಯಬೇಕು. ಆಗದಿದ್ದರೆ ಹಬ್ಬಿಗೆ ಶಾಖ ಕೊಡಿ, ಪಿನ್ನಿಗಲ್ಲ. ಹಬ್ ಹಿಗ್ಗಿ ತೂತು ದೊಡ್ಡದಾಗಬೇಕು. ರಬ್ಬರ್ ಸೀಲು, ಪೆಟ್ರೋಲು ಟ್ಯಾಂಕು ಹತ್ತಿರವಿದ್ದರೆ ಶಾಖ ಬೇಡ. ರೋಲ್ ಪಿನ್ ಒಳಗೇ ಮುರಿದಿದ್ದರೆ ಡ್ರಿಲ್ಲಿಂದ ಕೊರೆಯುವ ಯೋಚನೆ ಬರುತ್ತದೆ. ಸ್ಪ್ರಿಂಗ್ ಉಕ್ಕು ಗಡುಸು, ಡ್ರಿಲ್ ಬಿಟ್ ಪಕ್ಕದ ಮೆದು ಲೋಹಕ್ಕೆ ಜಾರಿ ತೂತು ಸೊಟ್ಟಗಾಗುತ್ತದೆ. ತೂತಿನ ಅಳತೆಗಿಂತ ಕಾಲು ಮಿ.ಮೀ. ಸಪೂರದ ನೆಟ್ಟಗಿನ ಪಂಚನ್ನು ಹಿಂದಿನಿಂದ ಇಟ್ಟು ಹೊರದಬ್ಬುವುದೇ ಸರಿ. ಹೊರಬಂದ ಮೇಲೆ ತೂತನ್ನು ಅಳೆಯಿರಿ. 4 ಮಿ.ಮೀ. ತೂತು 4.15 ದಾಟಿದ್ದರೆ ಅದಕ್ಕೆ ಮತ್ತೆ 4ರ ಪಿನ್ ನಿಲ್ಲುವುದಿಲ್ಲ. ಶಾಫ್ಟಿನ ದಪ್ಪ ಒಪ್ಪಿದರೆ ಹಬ್ ಮತ್ತು ಶಾಫ್ಟನ್ನು ಜೋಡಿಸಿಟ್ಟು ಒಂದೇ ಸಲಕ್ಕೆ 5ಕ್ಕೆ ಕೊರೆಯಿರಿ. ಒಪ್ಪದಿದ್ದರೆ ಹಳೆಯ ತೂತಿಗೆ 90 ಡಿಗ್ರಿ ತಿರುಗಿಸಿ, ಉದ್ದದಲ್ಲಿ ಪಿನ್ನಿನ ದಪ್ಪದ ಮೂರು ಪಟ್ಟಾದರೂ ದೂರ ಸರಿಸಿ ಹೊಸ ತೂತು ಹಾಕಿ.